ಶಾಪದ ಮರಳು, ಹೊಳೆಯ ಮರಳು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ತಲಕಾಡು ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಕಿವಿಗೆ ಬಿದ್ದಿರುತ್ತದೆ. ಆಡಳಿತದ ಲೆಕ್ಕಕ್ಕೆ ಅದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಊರು. ಮಳವಳ್ಳಿಯವರಿಗೆ ಮಾತ್ರ ಅದು ನೆರೆಮನೆ. ಮುಡುಕುತೊರೆಯ ದನದ ಜಾತ್ರೆಗೆ ಹೋಗುವವರು, ಕಾರ್ತಿಕ ಸೋಮವಾರ ಹೊಳೆಯಲ್ಲಿ ಮುಳುಗೆದ್ದು ಬರುವವರು, ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು, ಎಲ್ಲರೂ ದಾರಿಯಲ್ಲಿ ಒಂದೇ ಕಥೆಯನ್ನು ಹೇಳುತ್ತಾರೆ. ಹೀಗಾಗಿ ಊರಿಗೆ ಕಾಲಿಡುವ ಹೊತ್ತಿಗೆ ನಾವು ಅಲ್ಲಿ ಏನನ್ನು ನೋಡಬೇಕು ಎಂಬುದು ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಒಂದು ಕಥೆ ಒಂದು ಊರಿನ ಮೇಲೆ ಇಷ್ಟು ಗಟ್ಟಿಯಾಗಿ ಕೂತಿರುವಾಗ ಅದನ್ನು ಬರೀ ದಂತಕಥೆ ಎಂದು ತಳ್ಳಿಹಾಕುವುದೂ ಸರಿಯಲ್ಲ, ಭಕ್ತಿಯಿಂದ ಒಪ್ಪಿಕೊಳ್ಳುವುದೂ ಸರಿಯಲ್ಲ. ಒಂದು ಕೃತಿಯನ್ನು ಓದುವ ಹಾಗೆ ಅದನ್ನು ಓದಬೇಕು. ಅದರ ಕಸುಬು ಏನು, ಅದು ಏನನ್ನು ಕಾಣಿಸುತ್ತದೆ, ಏನನ್ನು ಮುಚ್ಚುತ್ತದೆ ಎಂದು ಕೇಳಬೇಕು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ಶ್ರೀರಂಗರಾಯನಿಗೆ ಬೆನ್ನುಫಣಿ ಏಳುತ್ತದೆ. ತಿರುಮಲರಾಯ ಎಂದು ಹೇಳುವವರೂ ಇದ್ದಾರೆ. ವಾಸಿಯಾಗಲೆಂದು ಆತ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಬರುತ್ತಾನೆ. ಗಂಡನ ಸ್ಥಿತಿ ಕೇಳಿ ಹೆಂಡತಿ ಅಲಮೇಲಮ್ಮನೂ ಹಿಂದೆಯೇ ಬರುತ್ತಾಳೆ. ಅತ್ತ 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿಯುತ್ತಾರೆ. ಶ್ರೀರಂಗನಾಯಕಿ ಅಮ್ಮನವರಿಗೆ ವಾರದ ದಿನಗಳಲ್ಲಿ ತೊಡಿಸುತ್ತಿದ್ದ ಒಡವೆಗಳು ಅಲಮೇಲಮ್ಮನ ಹತ್ತಿರ ಇರುತ್ತವೆ. ಅದನ್ನು ತರಲು ಆಳುಗಳು ಬೆನ್ನು ಹತ್ತುತ್ತಾರೆ. ಕೆಲವು ಪಾಠಗಳಲ್ಲಿ ಆಕೆ ಮುತ್ತಿನ ಮೂಗುತಿಯೊಂದನ್ನು ಕಳಿಸಿ ಉಳಿದದ್ದನ್ನು ಉಳಿಸಿಕೊಳ್ಳುತ್ತಾಳೆ. ಮತ್ತೆಯೂ ಬೆನ್ನು ಬಿಡದಾಗ ಒಡವೆಯ ಗಂಟನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಹತ್ತಿರ ಕಾವೇರಿಗೆ ಹಾರುತ್ತಾಳೆ. ಹಾರುವ ಮುಂಚೆ ಮೂರು ಮಾತು ಆಡುತ್ತಾಳೆ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಬಂಜೆತನ.

ಮೊದಲು ಕಸುಬಿನ ಮಾತು. ಈ ಶಾಪದ ಕಟ್ಟೋಣ ನಮ್ಮ ಜನಪದರ ಬಾಯಿಯ ಸಾಣೆಯಲ್ಲಿ ಎಷ್ಟು ನುಣುಪಾಗಿದೆ ಎಂಬುದನ್ನು ಗಮನಿಸಬೇಕು. ಮರಳು, ಮಡು, ಮಕ್ಕಳು ಮೂರಕ್ಕೂ ‘ಮ’ಕಾರದ ಕಟ್ಟು ಇದೆ. ಮಾಲಂಗಿ, ಮೈಸೂರುಗಳೂ ಅದೇ ಅಕ್ಷರದ ಬಳಗಕ್ಕೆ ಸೇರುತ್ತವೆ. ಒಮ್ಮೆ ಕೇಳಿದವರು ಮರೆಯುವಂತಿಲ್ಲ. ಮೂರು ಶಾಪಗಳ ಏರಿಕೆಯನ್ನೂ ನೋಡಿ: ಮೊದಲನೆಯದು ನೆಲಕ್ಕೆ, ಎರಡನೆಯದು ನೀರಿಗೆ, ಮೂರನೆಯದು ವಂಶಕ್ಕೆ. ನೆಲ ಬರಡಾಗುತ್ತದೆ, ನೀರು ಬಾಯಿ ತೆರೆಯುತ್ತದೆ, ಬಸಿರು ಬರಿದಾಗುತ್ತದೆ. ಕನ್ನಡದ ‘ಆಗಲಿ’ ಎಂಬ ಕ್ರಿಯಾರೂಪದ ಮಹಿಮೆಯೂ ಇಲ್ಲಿದೆ. ಒಳ್ಳೆಯದಾಗಲಿ ಎಂದು ಹರಸುವುದಕ್ಕೂ ಹಾಳಾಗಲಿ ಎಂದು ಶಪಿಸುವುದಕ್ಕೂ ನಮ್ಮ ಭಾಷೆಯಲ್ಲಿ ಇರುವುದು ಅದೊಂದೇ ಪ್ರತ್ಯಯ. ಹರಕೆಯ ನಾಲಿಗೆಯೇ ಶಾಪದ ನಾಲಿಗೆ. ಮದುವೆಯ ಮನೆಯಲ್ಲಿ ಅಕ್ಷತೆ ಹಾಕುತ್ತಾ ಹೆಂಗಸರು ಆಡುವ ಮಾತಿನ ವ್ಯಾಕರಣವನ್ನೇ ತಿರುಗಿಸಿ ಹಿಡಿದು ಅಲಮೇಲಮ್ಮ ಹೊಳೆಗೆ ಹಾರಿದಳು. ಅಧಿಕಾರ, ಆಯುಧ, ಆಸರೆ ಏನೂ ಉಳಿಯದ ಹೆಣ್ಣಿನ ಕೈಯಲ್ಲಿ ಕೊನೆಗೆ ಉಳಿದದ್ದು ಒಂದು ಪ್ರತ್ಯಯ ಮಾತ್ರ ಎಂದರೆ ಹೆಚ್ಚಾಗಲಾರದು.

ಇನ್ನೊಂದು ವಿಶೇಷವಿದೆ. ಗೆದ್ದವರೇ ಈ ಕಥೆಯನ್ನು ಉಳಿಸಿಕೊಂಡರು. ಶಪಿಸಿದವಳ ವಿಗ್ರಹ ಮಾಡಿಸಿ ಅರಮನೆಯಲ್ಲಿ ಪೂಜಿಸುವ ಪದ್ಧತಿ ಮೈಸೂರಿನಲ್ಲಿ ನಡೆದುಬಂದಿದೆ. ಸೋತವರ ನೆನಪನ್ನು ಅಳಿಸಿಹಾಕುವುದು ರಾಜರ ಸಾಮಾನ್ಯ ರೂಢಿ. ಇಲ್ಲಿ ಗೆಲುವಿನ ಮನೆಯ ದೇವರ ಕೋಣೆಯಲ್ಲೇ ಗೆಲುವಿನ ಅನ್ಯಾಯದ ಸಾಕ್ಷಿ ಕೂತಿದೆ. ಈ ಕಾರಣಕ್ಕಾಗಿ ನಾನು ಈ ಕಥೆಯನ್ನು ಹಗುರವಾಗಿ ಕಾಣಲಾರೆ. ವೈಚಾರಿಕತೆಯ ಹೆಸರಿನಲ್ಲಿ ಅಲಮೇಲಮ್ಮನನ್ನು ಗುಡಿಸಿಹಾಕಿದರೆ ನಮಗೆ ಉಳಿಯುವುದು ರಾಜ ಒಡೆಯರ ವಿಜಯದ ಇಸವಿ ಒಂದೇ.

ಇಷ್ಟು ಹೇಳಿದ ಮೇಲೆ ಕಥೆಯ ಎದುರು ಒಂದು ಸರಳವಾದ ಪ್ರಶ್ನೆ ಇಡಬೇಕು. ತಲಕಾಡು ಮಾಡಿದ ತಪ್ಪೇನು? ಶ್ರೀರಂಗಪಟ್ಟಣವನ್ನು ಕಿತ್ತುಕೊಂಡದ್ದು ಮೈಸೂರು. ಒಡವೆಗೆ ಕೈಚಾಚಿದ್ದು ಮೈಸೂರು. ರೋಗಿಯಾಗಿ ಬಂದ ಗಂಡನಿಗೆ ನೆರಳು ಕೊಟ್ಟ, ಓಡಿಬಂದ ಹೆಂಡತಿಗೆ ಎಡೆ ಕೊಟ್ಟ ಊರಿಗೆ ಮರಳು ಸುರಿಯಲೆಂದು ಆಕೆ ಯಾಕೆ ಬಯಸಿಯಾಳು? ಕಥೆ ಹೇಳುವವರು ಇದಕ್ಕೆ ಉತ್ತರ ಕೊಡುವುದಿಲ್ಲ. ಕೇಳುವವರೂ ಕೇಳುವುದಿಲ್ಲ. ಒಂದು ಕೃತಿಯಲ್ಲಿ ಕಾರಣವಿಲ್ಲದ ಘಟನೆ ಬಂದರೆ ಅದನ್ನು ಹೊರಗಿನಿಂದ ತಂದು ಅಂಟಿಸಿದ್ದಾರೆ ಎಂದು ಓದುಗ ಅನುಮಾನಿಸುತ್ತಾನೆ. ಇಲ್ಲಿಯೂ ಹಾಗೆಯೇ. ಮರಳು ಮೊದಲೇ ಇತ್ತು. ಮಾಲಂಗಿಯ ಮಡುವೂ ಮೊದಲೇ ಇತ್ತು. ಕಣ್ಣೆದುರು ಇದ್ದ ಈ ಎರಡು ವಿಚಿತ್ರಗಳಿಗೆ ಒಂದು ಕಾರಣ ಬೇಕಾಗಿತ್ತು; ಅರಮನೆಯ ದತ್ತು ಮಕ್ಕಳ ಸಾಲು ಕಾಣತೊಡಗಿದ ಮೇಲೆ ಮೂರೂ ಸೇರಿ ಒಂದು ಶಾಪವಾಯಿತು ಎಂದು ಊಹಿಸುವುದು ಹೆಚ್ಚು ಸಹಜವಾಗಿ ತೋರುತ್ತದೆ.

ಶಾಪ ಮುಚ್ಚಿಹಾಕಿದ ಮೊದಲ ಸಂಗತಿ ಊರಿನ ಸ್ವಂತ ಚರಿತ್ರೆ. ತಲಕಾಡು ಅಲಮೇಲಮ್ಮನಿಗಿಂತ ಸಾವಿರ ವರ್ಷ ಹಿರಿಯದು. ಕೋಲಾರದಿಂದ ಬಂದ ಗಂಗರಿಗೆ ಅದು ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಅದನ್ನು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಅಧಿಕಾರಿ ಅದಿಯಮನನ್ನು ಸೋಲಿಸಿ ಕೋಟೆಯನ್ನು ಹಿಡಿದ. ಆ ಗೆಲುವು ಎಷ್ಟು ದೊಡ್ಡದೆಂದರೆ ದೊರೆ ತನ್ನ ಬಿರುದುಗಳಲ್ಲಿ ‘ತಲಕಾಡುಗೊಂಡ’ ಎಂಬುದನ್ನು ಹೆಮ್ಮೆಯಿಂದ ಸೇರಿಸಿಕೊಂಡ. ಆ ಗೆಲುವಿನ ನೆನಪಿಗೆ ಕೀರ್ತಿನಾರಾಯಣನ ಗುಡಿ ಎದ್ದಿತು. ನಮ್ಮ ಜಿಲ್ಲೆಯ ತೊಣ್ಣೂರಿನ ನಂಬಿನಾರಾಯಣ, ಮೇಲುಕೋಟೆಯ ಚೆಲುವನಾರಾಯಣ, ಬೇಲೂರಿನ ವಿಜಯನಾರಾಯಣ, ಗದಗಿನ ವೀರನಾರಾಯಣರ ಜೊತೆಗೆ ಎಣಿಸುವ ಐದು ನಾರಾಯಣರಲ್ಲಿ ಒಬ್ಬ ಈತ. ಇಷ್ಟೆಲ್ಲ ಇದ್ದ ಕೋಟೆಯ ಊರಿನಲ್ಲಿ ಈಗ ಕೋಟೆಯನ್ನು ಹುಡುಕಿದರೆ ಕಾಣುವುದು ಮರಳ ದಿಬ್ಬಗಳು. 1992-93ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಮರಳಿನ ಕೆಳಗೆ ಒಂದರ ಮೇಲೊಂದು ಕಾಲಗಳ ಪದರಗಳು ಸಿಕ್ಕವು. ಬಂದ ಪ್ರವಾಸಿಗೆ ಅವು ಯಾವುವೂ ಕಾಣುವುದಿಲ್ಲ. ಅವನಿಗೆ ತಲಕಾಡಿನ ವಯಸ್ಸು ಶುರುವಾಗುವುದೇ 1610ಕ್ಕೆ.

ಎರಡನೆಯ ಸಂಗತಿ ಜನ. ಶಾಪದಲ್ಲಿ ಒಂದು ಊರು ಇದೆ, ಒಂದು ಹೊಳೆ ಇದೆ, ಒಂದು ರಾಜವಂಶ ಇದೆ. ಊರಿನಲ್ಲಿ ಇದ್ದವರು ಮಾತ್ರ ಇಲ್ಲ. ಈ ಕೊರತೆ ನನಗೆ ಸ್ಪಷ್ಟವಾದದ್ದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ತಲಕಾಡಿನ ವಿವರ ಓದಿದಾಗ. ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ಬರಹ ಒಣ ಸರ್ಕಾರಿ ಗದ್ಯ. ಅದರಲ್ಲಿ ಪ್ರಾಸವಿಲ್ಲ, ಕಣ್ಣೀರಿಲ್ಲ. ಹಳೆಯ ಊರು ಸುಮಾರು ಒಂದು ಮೈಲಿ ಉದ್ದದ ಮರಳ ದಿಬ್ಬಗಳ ಅಡಿಯಲ್ಲಿದೆ, ಮೂವತ್ತಕ್ಕೂ ಹೆಚ್ಚು ಗುಡಿಗಳು ಹೂತಿವೆ ಎನ್ನುತ್ತಾರೆ, ನೈಋತ್ಯದ ಮಳೆಗಾಳಿಯ ತಿಂಗಳುಗಳಲ್ಲಿ ಮರಳು ವರ್ಷಕ್ಕೆ 9-10 ಅಡಿಯಂತೆ ಊರಿನ ಮೇಲೆ ಏರಿಬರುತ್ತಿತ್ತು, ಮೂರು ಕಡೆಯಿಂದ ಒತ್ತುತ್ತಿದ್ದ ಮರಳಿಗೆ ಮನೆಗಳನ್ನು ಬಿಟ್ಟುಕೊಟ್ಟು ಜನ ಹಿಂದೆ ಹಿಂದೆ ಸರಿಯಬೇಕಾಗುತ್ತಿತ್ತು ಎಂಬುದು ಅದರ ಸಾರ. ಈ ವಿವರದಲ್ಲಿ ಒಂದು ಸಂಸಾರ ಕಾಣುತ್ತದೆ. ಆಷಾಢದ ಗಾಳಿಗೆ ಹಿತ್ತಲ ಗೋಡೆಯ ಹಿಂದೆ ಮರಳು ಗುಡ್ಡೆಯಾಗುತ್ತದೆ. ಮೊದಲ ವರ್ಷ ಮಂಕರಿಯಲ್ಲಿ ಹೊತ್ತು ಹಾಕುತ್ತಾರೆ. ಮರುವರ್ಷ ಕೊಟ್ಟಿಗೆ ಹೋಗುತ್ತದೆ. ಮೂರನೆಯ ವರ್ಷ ತೊಲೆ ಕಂಬಗಳನ್ನು ಬಿಚ್ಚಿಕೊಂಡು ನೂರು ಮಾರು ಆಚೆಗೆ ಹೊಸ ಮನೆ ಹೂಡುತ್ತಾರೆ. ಅಜ್ಜ ಕಟ್ಟಿದ್ದು ಮರಳ ಕೆಳಗೆ, ಅಪ್ಪ ಕಟ್ಟಿದ್ದು ಮರಳ ಬಾಯಲ್ಲಿ. ಕಾವ್ಯವಾಗಬೇಕಾದದ್ದು ಗೆಜೆಟಿಯರಿನ ಪಾಲಾಯಿತು. ಕಾವ್ಯ ಅರಮನೆಯ ತೊಟ್ಟಿಲನ್ನು ನೋಡುತ್ತಾ ಕೂತಿತು.

ಈ ಮಾತನ್ನು ನಾನು ಪುಸ್ತಕದಿಂದಲೇ ಕಲಿತೆ ಎಂದರೆ ಪೂರ್ತಿ ನಿಜವಾಗದು. ಗುಡಿಯ ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳ ಹತ್ತಿರ ಕೂತು, “ಅಜ್ಜಿ, ಅಲಮೇಲಮ್ಮನ ಶಾಪ ನಿಜವಾ?” ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದ್ದೆ. ಆಕೆ ಸೇರಿನಿಂದ ಕಾಯಿ ಅಳೆಯುತ್ತಲೇ, “ನಿಜವೋ ಸುಳ್ಳೋ ಯಾರ್ ಕಂಡವ್ರೆ ಸಾಮಿ. ಆವಮ್ಮ ಸಾಪ ಕೊಟ್ಟಿದ್ದು ರಾಜಂಗೆ, ಮಳ್ಳು ಹೊತ್ತೋರು ನಾವು” ಎಂದಳು. ಶಾಪದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಆಕೆಯ ಮಾತು ಎಷ್ಟು ನಿಜ ಎಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗ ನೋಡಬಹುದು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಯದುವೀರರು ದತ್ತು ಬಂದರು. 2017ರ ಡಿಸೆಂಬರಿನಲ್ಲಿ ಯದುವೀರ ದಂಪತಿಗಳಿಗೆ ಗಂಡು ಮಗು ಹುಟ್ಟಿದಾಗ ಪತ್ರಿಕೆಗಳಲ್ಲಿ, ಟೀವಿಗಳಲ್ಲಿ ಶಾಪ ವಿಮೋಚನೆಯಾಯಿತೆಂದು ಸಂಭ್ರಮದ ಸುದ್ದಿ ಬಂತು. ಮಗು ಹುಟ್ಟಿದ್ದು ಸಂತೋಷವೇ. ಆದರೆ ಶಾಪದಲ್ಲಿ ಮೂರು ಪಾಲು ಇದ್ದವಲ್ಲ? ಒಂದು ಪಾಲು ತೀರಿತೆಂದು ಲೆಕ್ಕ ಹಾಕಿದವರಲ್ಲಿ ಎಷ್ಟು ಮಂದಿ ಮಿಕ್ಕ ಎರಡು ಪಾಲಿನ ಗತಿ ಏನಾಯಿತೆಂದು ನೋಡಲು ಹೊಳೆದಂಡೆಗೆ ಬಂದರು? ಕಥೆಯ ಭಾರ ಯಾವ ಕಡೆ ವಾಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮರಳು ಬಂದದ್ದು ಎಲ್ಲಿಂದ? ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ತಲಕಾಡಿನ ಹತ್ತಿರ ದೊಡ್ಡದಾಗಿ ಬಾಗುತ್ತಾಳೆ. ಬಾಗಿದ ಹೊಳೆ ಹೊತ್ತುತಂದ ಮರಳನ್ನು ಬಾಗಿನಲ್ಲಿ ಇಳಿಸುತ್ತದೆ. ಬೇಸಗೆಯಲ್ಲಿ ನೀರು ಸೊರಗಿದಾಗ ಮರಳ ಹಾಸು ಬಯಲಾಗುತ್ತದೆ, ನೈಋತ್ಯದ ಗಾಳಿ ಅದನ್ನು ಎತ್ತಿ ಎಡದಂಡೆಯ ಊರಿನ ಮೇಲೆ ಹರಡುತ್ತದೆ. ಭೂವಿಜ್ಞಾನಿಗಳಲ್ಲಿ ಕೆಲವರು ನೆಲದಾಳದ ಸ್ತರಭಂಗ, ಅದರಿಂದ ಬದಲಾದ ನದಿಯ ನಡೆ ಇವುಗಳ ಕಡೆ ಬೆರಳು ತೋರುತ್ತಾರೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಮಂಡಿಸಿದ ವಾದ ನಮ್ಮ ಸೀಮೆಯವರು ಓದಲೇಬೇಕಾದದ್ದು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ತಲಕಾಡಿಗೆ ಮೇಲೆ ಕಾವೇರಿಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಿಸಿದ. ಅದರಿಂದ ಕೆಳಗಿನ ಪಾತ್ರದಲ್ಲಿ ನೀರು ತಗ್ಗಿ ಮರಳು ಬಯಲಾಯಿತು, ಗಾಳಿಗೆ ಸಿಕ್ಕಿತು, ಊರನ್ನು ಮುಚ್ಚಿತು, ಈ ಪರಿಸರದ ಅನಾಹುತಕ್ಕೆ ಆಮೇಲೆ ಶಾಪದ ಬಟ್ಟೆ ತೊಡಿಸಲಾಯಿತು ಎಂಬುದು ಅವರ ವಾದದ ತಿರುಳು. ಎಲ್ಲ ವಿದ್ವಾಂಸರೂ ಇದೊಂದನ್ನೇ ಕಾರಣವೆಂದು ಒಪ್ಪಬೇಕಾಗಿಲ್ಲ. ಆದರೆ ಈ ವಾದ ನಮ್ಮ ಮುಂದೆ ಇಡುವ ನೈತಿಕ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಮಾಧವಮಂತ್ರಿಯ ಕಟ್ಟೆಯಿಂದ ನಾಲೆ ಹರಿಯಿತು, ಗದ್ದೆ ಹಸಿರಾಯಿತು. ಆ ನಾಲೆಯ ಭತ್ತವನ್ನು ಈಗಲೂ ಜನ ಉಣ್ಣುತ್ತಿದ್ದಾರೆ. ಗಣೇಶಯ್ಯನವರ ಮಾತು ಸರಿಯಾದರೆ ಗದ್ದೆಗೆ ಹಸಿರು ಕೊಟ್ಟ ಕೈಯೇ ಊರಿಗೆ ಮರಳು ಕೊಟ್ಟಿತು ಎಂದಾಯಿತು. ಇಲ್ಲಿ ದುಷ್ಟರು ಯಾರೂ ಇಲ್ಲ. ಬೆನ್ನು ಹತ್ತಿದ ಸೈನಿಕನಿಲ್ಲ, ಒಡವೆಗೆ ಬಾಯಿಬಿಟ್ಟ ದೊರೆಯಿಲ್ಲ. ಒಳ್ಳೆಯ ಕೆಲಸವೊಂದು ಕೆಳಗಿನವರಿಗೆ ಕೇಡಾದ ಕಥೆ ಇದು. ಇಂಥದ್ದನ್ನು ಹೇಳಲು ಶಾಪದ ಭಾಷೆ ಸಾಲದು. ಶಾಪಕ್ಕೆ ಒಬ್ಬ ಖಳ ಬೇಕು, ಒಂದು ಗಳಿಗೆ ಬೇಕು. ಇನ್ನೂರು ವರ್ಷ ಕಾಳು ಕಾಳಾಗಿ ಸೇರಿದ ಮರಳಿಗೆ ಖಳನೂ ಇಲ್ಲ, ಗಳಿಗೆಯೂ ಇಲ್ಲ.

ಮಂಡ್ಯದವರಿಗೆ ಈ ಪ್ರಶ್ನೆ ಪರರದ್ದಲ್ಲ. ನಮ್ಮ ಹಸಿರೆಲ್ಲ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕೊಡುಗೆ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಬರದಿದ್ದರೆ ಮಂಡ್ಯಕ್ಕೆ ಸಕ್ಕರೆಯ ಹೆಸರು ಬರುತ್ತಿರಲಿಲ್ಲ. ಮದ್ದೂರು ಮಳವಳ್ಳಿಗಳಲ್ಲಿ ರಾಗಿ ಹುರುಳಿಯ ಹೊಲಗಳೇ ಇರುತ್ತಿದ್ದವು. ಆ ಋಣವನ್ನು ನಾವು ಮನೆಮನೆಯ ಗೋಡೆಯ ಪಟದಲ್ಲಿ ತೀರಿಸುತ್ತಿದ್ದೇವೆ. ಆ ನೀರಿನಡಿಗೆ ಹೋದ ಕನ್ನಂಬಾಡಿ ಎಂಬ ಊರನ್ನು ಅಷ್ಟಾಗಿ ನೆನೆಯುವುದಿಲ್ಲ. ಬರದ ವರ್ಷಗಳಲ್ಲಿ ಅಲ್ಲಿನ ವೇಣುಗೋಪಾಲಸ್ವಾಮಿಯ ಗುಡಿ ನೀರಿನಿಂದ ತಲೆ ಎತ್ತಿದಾಗ ಜನ ಜಾತ್ರೆಯಂತೆ ನೋಡಲು ಹೋಗುತ್ತಿದ್ದರು. ಈಗ ಆ ಗುಡಿಯನ್ನು ಬಿಚ್ಚಿ ಎತ್ತರದ ಜಾಗಕ್ಕೆ ತಂದು ಕಟ್ಟಿದ್ದಾರೆ. ದೇವರಿಗೆ ಪುನರ್ವಸತಿ ಸಿಕ್ಕಿದ್ದು ಒಳ್ಳೆಯದೇ. ತಲಕಾಡನ್ನು ಮರಳು ನುಂಗಿತು, ಕನ್ನಂಬಾಡಿಯನ್ನು ನೀರು ನುಂಗಿತು. ಮೊದಲನೆಯದಕ್ಕೆ ನಮಗೊಂದು ಶಾಪವಿದೆ. ಎರಡನೆಯದಕ್ಕೆ ಒಬ್ಬ ಅಲಮೇಲಮ್ಮನೂ ಸಿಗಲಿಲ್ಲ.

ಇದು ನಮ್ಮ ಸೀಮೆಗೆ ಮಾತ್ರ ಅಂಟಿದ ಗುಣವಲ್ಲ. ಮರುಭೂಮಿ ನೋಡಬೇಕೆಂದು ನಮ್ಮ ಜನ ಈಗ ರಾಜಸ್ಥಾನಕ್ಕೆ ಹೋಗುತ್ತಾರೆ. ಜೈಸಲ್ಮೇರಿನ ಕೋಟೆ ನೋಡಿ, ಅಲ್ಲಿಂದ ಸುಮಾರು 18 ಕಿಲೋಮೀಟರು ದೂರದ ಕುಲಧರಾ ಎಂಬ ಪಾಳು ಹಳ್ಳಿಗೂ, ಹತ್ತಿರದ ಖಾಬಾ ಕೋಟೆಗೂ ಹೋಗಿ ಬರುತ್ತಾರೆ. ಅಲ್ಲಿಯೂ ಒಂದು ಶಾಪದ ಕಥೆ ಕಾದಿರುತ್ತದೆ. ದಿವಾನ ಸಾಲಿಂ ಸಿಂಗನ ಕಣ್ಣು ಪಾಲಿವಾಲ ಬ್ರಾಹ್ಮಣರ ಹುಡುಗಿಯ ಮೇಲೆ ಬೀಳುತ್ತದೆ, ಎಂಬತ್ತನಾಲ್ಕು ಹಳ್ಳಿಗಳ ಜನ ಒಂದೇ ರಾತ್ರಿಯಲ್ಲಿ ಊರು ಬಿಡುತ್ತಾರೆ, ಇಲ್ಲಿ ಮತ್ತೆ ಯಾರೂ ನೆಲೆಸದಿರಲಿ ಎಂದು ಶಪಿಸುತ್ತಾರೆ. ಇತಿಹಾಸಕಾರರು ಹೇಳುವುದು ಬೇರೆ: ಬತ್ತಿದ ಬಾವಿಗಳು, ಏರಿದ ತೆರಿಗೆ, ಮೆಲ್ಲಮೆಲ್ಲಗೆ ಕರಗಿದ ಜನಸಂಖ್ಯೆ. ಆ ಪಾಲಿವಾಲರು ಕಲ್ಲುಗುಡ್ಡದ ಇಳಿಜಾರಿನ ಮಳೆನೀರನ್ನು ಮಣ್ಣಿನ ಏರಿ ಹಾಕಿ ತಡೆದು, ನೆಲದಲ್ಲಿ ಇಂಗಿದ ತೇವದಲ್ಲೇ ಚಳಿಗಾಲದ ಗೋಧಿ ಕಡಲೆ ಬೆಳೆಯುವ ‘ಖಡೀನ್’ ಎಂಬ ವಿದ್ಯೆಯನ್ನು ಬಲ್ಲವರಾಗಿದ್ದರು. ಮರುಭೂಮಿಯಲ್ಲಿ ಗೋಧಿ ಬೆಳೆದವರ ಊರಿಗೆ ಹೋಗಿ ನಾವು ಕೇಳಿಬರುವುದು ದೆವ್ವದ ಕಥೆ. ಕುಲಧರಾ ಆಗಲಿ ತಲಕಾಡಾಗಲಿ, ನೀರಿನ ಲೆಕ್ಕ ಕೇಳಬೇಕಾದ ಕಡೆ ಹೆಣ್ಣಿನ ಕಣ್ಣೀರನ್ನು ಇಟ್ಟು ಪ್ರವಾಸಿಗಳನ್ನು ಕಳಿಸಿಕೊಡುತ್ತೇವೆ. ಆ ಕಣ್ಣೀರಿಗೂ ಅದರಿಂದ ನ್ಯಾಯ ಸಿಗುವುದಿಲ್ಲ.

ನಮ್ಮ ಪ್ರವಾಸ ಬರವಣಿಗೆಯ ಜವಾಬ್ದಾರಿಯೂ ಇದರಲ್ಲಿದೆ. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಪರದೇಶದ ಯಾತ್ರಿಕರ ಬರಹಗಳನ್ನು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದರು. ಅವುಗಳಲ್ಲಿ ಪೂರ್ವಗ್ರಹಗಳಿವೆ, ತಪ್ಪುಗಳಿವೆ. ಆದರೆ ಸಂತೆಯ ಬೆಲೆ, ಊಟದ ಎಲೆ, ದಾರಿಯ ಕಳ್ಳರು, ಬಾವಿಯ ನೀರು ಎಲ್ಲವನ್ನೂ ಗುರುತು ಹಾಕಿಕೊಳ್ಳುವ ಹಸಿವೂ ಇದೆ. ಭಾನುವಾರದ ಪುರವಣಿಗಳಲ್ಲಿ ಬರುವ ನಮ್ಮ ತಲಕಾಡು ಲೇಖನಗಳಿಗೆ ಆ ಹಸಿವು ಇಲ್ಲ. ಬೆಂಗಳೂರಿನಿಂದ ಇಷ್ಟು ದೂರ, ಮದ್ದೂರಿನಲ್ಲಿ ವಡೆ ತಿನ್ನಿ, ಮಳವಳ್ಳಿಯಲ್ಲಿ ಎಡಕ್ಕೋ ಬಲಕ್ಕೋ ತಿರುಗಿ, ಐದು ಲಿಂಗಗಳ ಹೆಸರು, ಶಾಪದ ಮೂರು ಸಾಲು, ಹರಿಗೋಲು, ಫೋಟೋ. ಇದು ಎಲ್ಲರೂ ಬರೆದು ಸವೆದ ನಕಾಶೆ.

ಕಣ್ಣುಬಿಟ್ಟು ನಡೆದವನಿಗೆ ಅಲ್ಲಿ ಇನ್ನೂ ಬೇರೆ ಕಾಣುತ್ತವೆ. ಮರಳನ್ನು ಹಿಡಿದು ನಿಲ್ಲಿಸಲು ಬೆಳೆಸಿದ ಸರ್ವೆ, ನೀಲಗಿರಿ ಮರಗಳ ತೋಪು ಕಾಣುತ್ತದೆ. ದಿಬ್ಬದ ನಡುವೆ ಕೆಳಕ್ಕೆ ಮೆಟ್ಟಿಲು ಇಳಿದು ಹೋಗಬೇಕಾದ ಪಾತಾಳೇಶ್ವರ, ಮರಳೇಶ್ವರರ ಗುಡಿಗಳಿವೆ. ನಮ್ಮ ಕಡೆ ದೇವರನ್ನು ನೋಡಲು ಬೆಟ್ಟ ಹತ್ತುವುದು ವಾಡಿಕೆ. ಇಲ್ಲಿ ಇಳಿಯಬೇಕು. ಹಾಗೆ ಇಳಿಯುವಾಗ ಹಳೆಯ ಊರಿನ ಬೀದಿಯ ಮಟ್ಟ ನಮ್ಮ ತಲೆಗಿಂತ ಎಷ್ಟು ಕೆಳಗಿತ್ತು ಎಂಬುದು ಕಾಲಿಗೆ ತಿಳಿಯುತ್ತದೆ. ಕಾರ್ತಿಕದಲ್ಲಿ ನಕ್ಷತ್ರ, ಯೋಗ, ಸೋಮವಾರ ಕೂಡಿಬಂದ ವರ್ಷ ಪಂಚಲಿಂಗ ದರ್ಶನ ನಡೆಯುತ್ತದೆ. 2013ರಲ್ಲಿ ನಡೆಯಿತು, 2020ರಲ್ಲಿ ನಡೆಯಿತು. ಆಗೆಲ್ಲ ಮರಳು ತೆಗೆದು ದಾರಿ ಮಾಡುತ್ತಾರೆ. ಮತ್ತೆ ಮರಳು ಬರುತ್ತದೆ. ಇದೆಲ್ಲದರ ಮಗ್ಗುಲಲ್ಲೇ ಶಾಲೆ, ಅಂಗಡಿ, ಬಸ್ ನಿಲ್ದಾಣ ಇರುವ ಜೀವಂತ ಊರು ಒಂದಿದೆ. ಶಾಪಗ್ರಸ್ತ ಊರು ನೋಡಲು ಬಂದವರಿಗೆ ಬದುಕುತ್ತಿರುವ ಈ ಊರು ದಾರಿಗೆ ಅಡ್ಡ ಬಂದ ದನದ ಹಾಗೆ ಕಾಣುತ್ತದೆ.

ಶಾಪವನ್ನು ಇಷ್ಟು ಕೆದಕಲು ಇನ್ನೊಂದು ಕಾರಣವಿದೆ. ಮರಳಿಗೆ ಈಗ ಬೆಲೆ ಬಂದಿದೆ. ಊರನ್ನು ನುಂಗುತ್ತದೆಂದು ಹೆದರಿದ್ದ ವಸ್ತುವಿಗಾಗಿ ಈಗ ಹೊಳೆಯನ್ನೇ ಬಗೆಯುತ್ತಿದ್ದೇವೆ. ಬೆಂಗಳೂರಿನ ಮಹಡಿಗಳು ಏಳತೊಡಗಿದ ಮೇಲೆ ಮದ್ದೂರಿನ ಶಿಂಷಾ, ಮಳವಳ್ಳಿಯ ಕಾವೇರಿ ತೀರ ಎರಡೂ ಕಡೆ ರಾತ್ರಿಯ ಲಾರಿಗಳ ಸದ್ದು ಎದ್ದಿತು. ಹೊಳೆಯ ಮರಳು ಸಾಲದಾದಾಗ ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ಮರಳು ಮಾಡುವ ‘ಫಿಲ್ಟರ್ ಮರಳು’ ಎಂಬ ಹೊಸ ಕಸುಬು ಹುಟ್ಟಿತು. ಒಂದು ಲೋಡು ಮರಳಿಗಾಗಿ ತಲೆಮಾರುಗಳ ಮೇಲ್ಮಣ್ಣು ಕೊಚ್ಚಿಹೋಯಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರಳಿನಂಥ ಸಣ್ಣ ಖನಿಜ ತೆಗೆಯಲೂ ಪರಿಸರದ ಅನುಮತಿ ಬೇಕೆಂದು ಹೇಳಿತು. ಕಲ್ಲು ಪುಡಿಯ ಎಂ-ಸ್ಯಾಂಡ್ ಬಂದು ಒತ್ತಡ ಒಂದಷ್ಟು ತಗ್ಗಿತು. ಆದರೂ ಹೊಳೆಯ ಮೈಮೇಲಿನ ಗಾಯ ಮಾಯಲಿಲ್ಲ. ಮರಳು ಎತ್ತಿದ ಕಡೆ ಆಳವಾದ ಗುಂಡಿಗಳಾಗುತ್ತವೆ. ಮೊಣಕಾಲು ನೀರೆಂದು ಇಳಿದವರು ಆ ಗುಂಡಿಗಳಲ್ಲಿ ಮುಳುಗಿ ಸಾಯುತ್ತಾರೆ. ಜಾತ್ರೆಗೆ ಬಂದವರು, ಪ್ರವಾಸಕ್ಕೆ ಬಂದ ಕಾಲೇಜು ಹುಡುಗರು. ಆ ಸಾವುಗಳಿಗೂ ಮಾಲಂಗಿಯ ಮಡುವಿನ ಹೆಸರು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಲಾರಿಯ ಹೆಸರು ಹೇಳುವವರು ಕಡಿಮೆ.

ಇದೇ ನನಗೆ ಆತಂಕದ ಸಂಗತಿ. ನಾಲ್ಕುನೂರು ವರ್ಷದ ಹಿಂದೆ ಒಬ್ಬ ಅಸಹಾಯಕ ಹೆಣ್ಣಿನ ಪರವಾಗಿ ದೊರೆಯ ವಿರುದ್ಧ ಹುಟ್ಟಿದ ಕಥೆ ಈಗ ಬಲವುಳ್ಳವರ ರಕ್ಷಣೆಗೆ ನಿಂತುಬಿಟ್ಟಿದೆ. ಮರಳೂ ಶಾಪ, ಮಡುವೂ ಶಾಪ ಎಂದಮೇಲೆ ಯಾರನ್ನೂ ಹೊಣೆ ಮಾಡುವ ಹಾಗಿಲ್ಲ. ಕಥೆ ಹುಟ್ಟಿದಾಗ ಅದರಲ್ಲಿ ಇದ್ದ ಸಿಟ್ಟು ಈಗ ಆರಿಹೋಗಿ ಬರೀ ಸೋಜಿಗ ಉಳಿದಿದೆ. ಸಿಟ್ಟು ಕಳೆದುಕೊಂಡ ಶಾಪ ಪ್ರವಾಸೋದ್ಯಮದ ಫಲಕದ ಮೇಲೆ ಬರೆಯಲು ಅನುಕೂಲವಾಗಿರುತ್ತದೆ.

ಆದ್ದರಿಂದ ಅಲಮೇಲಮ್ಮನ ಕಥೆಯನ್ನು ಬಿಡುವುದು ಬೇಡ. ಅದರ ಸಿಟ್ಟನ್ನು ಅದಕ್ಕೆ ಮರಳಿ ಕೊಡಬೇಕು. ಮಕ್ಕಳನ್ನು ತಲಕಾಡಿಗೆ ಕರೆದೊಯ್ಯುವ ಮೇಷ್ಟ್ರುಗಳು ಅವಳ ಕಥೆ ಹೇಳಲಿ. ಅದರ ಜೊತೆಗೆ ಮಾಧವಮಂತ್ರಿಯ ಕಟ್ಟೆಯ ಕಥೆಯನ್ನೂ, ವರ್ಷಕ್ಕೆ ಹತ್ತು ಅಡಿ ಹಿಂದೆ ಸರಿದ ಮನೆಗಳ ಕಥೆಯನ್ನೂ ಹೇಳಲಿ. ಹೊಳೆಗೆ ಇಳಿಯುವ ಮುಂಚೆ ಗುಂಡಿ ತೋಡಿದವರು ಯಾರು ಎಂದು ಕೇಳಲು ಕಲಿಸಲಿ. ಕಾವೇರಿಯ ಕೆಳಗಿನವರ ಜೊತೆ ನೀರಿಗಾಗಿ ವ್ಯಾಜ್ಯ ಹೂಡುತ್ತಾ ಬಂದ ನಮಗೆ, ಕಟ್ಟೆಯ ಕೆಳಗಿನ ಊರಿನ ಸಂಕಟ ಏನೆಂದು ತಿಳಿಯಲು ತಮಿಳುನಾಡಿಗೆ ಹೋಗಬೇಕಾಗಿಲ್ಲ. ಮಳವಳ್ಳಿ ದಾಟಿದರೆ ಸಾಕು, ಅದು ಮರಳಿನ ಲಿಪಿಯಲ್ಲಿ ಬರೆದು ಇಟ್ಟಿದೆ. ಓದುವವರು ಬೇಕು, ಅಷ್ಟೇ.